ಕೇಳುವವರಿಲ್ಲದ ಕಾಯಕ

ಫೋಟೋ ತೆಗೆಯಲು ಡಿಗ್ರಿ ಬೇಕೇ ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಸದ್ಯ ಮೂರು ಉತ್ತರಗಳಿವೆ. ಪಿಯುಸಿ ಮುಗಿಸಿರುವ ಮಗಳು ಬೇಕು ಎನ್ನುತ್ತಾಳೆ. ಮೈಸೂರಿನಲ್ಲಿ ಕಾವಾ ಇದೆ, ಅಂದರೆ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು. 1906ರಲ್ಲಿ ಅಡಿಗಲ್ಲು ಬಿದ್ದ ಸಂಸ್ಥೆ. ಅಲ್ಲಿ ಛಾಯಾಚಿತ್ರವನ್ನೇ ವಿಷಯವಾಗಿ ತೆಗೆದುಕೊಂಡು ಮೈಸೂರು ವಿಶ್ವವಿದ್ಯಾಲಯದ ಪದವಿಗೆ ಓದಬಹುದು. ರಾಮದುರ್ಗದಲ್ಲಿ ಮಗ್ಗ ಇಟ್ಟುಕೊಂಡಿರುವ ನನ್ನ ಭಾವಮೈದುನನಿಗೆ ಇದು ದುಡ್ಡು ಹಾಳು ಮಾಡುವ ದಾರಿ. "ಮಾವಾ, ನಮ್ಮ ಅಜ್ಜಗ ನೇಯಾಕ ಯಾವ ಯುನಿವರ್ಸಿಟಿ ಕಲಿಸಿತ್ತು? ಆ ರೊಕ್ಕದಾಗ ಒಂದು ಡ್ರೋನ್ ತಗೋರಿ" ಎಂದು ಪ್ರತಿ ಸಲ ಫೋನಿನಲ್ಲಿ ಹೇಳುತ್ತಾನೆ. ನನ್ನ ಹೆಂಡತಿಯ ಉತ್ತರ ಇನ್ನೂ ಚಿಕ್ಕದು: "ಮೊದಲ ಆ ಬೆಳವಡಿಯವರ ಆಲ್ಬಮ್ ಕೊಟ್ಟು ಕಳಸ್ರಿ, ಆಮ್ಯಾಲ ಮಾತಾಡೂಣು."

ಬೈಲಹೊಂಗಲದಲ್ಲಿ ಅಪ್ಪ ಹಾಕಿದ ಸ್ಟುಡಿಯೋವನ್ನು ನಡೆಸಿಕೊಂಡು ಬಂದವನು ನಾನು. ಯಾವ ಕಾಲೇಜಿನಲ್ಲೂ ಇದನ್ನು ಕಲಿತವನಲ್ಲ. ಹಾಗಾಗಿ ಭಾವಮೈದುನನ ಮಾತು ನನ್ನ ಕಿವಿಗೆ ಹಿತವಾಗಿಯೇ ಕೇಳುತ್ತದೆ. ಆದರೆ ಉದಾಹರಣೆಗಳನ್ನು ಪೇರಿಸುತ್ತ ಹೋದರೆ ಎರಡೂ ಕಡೆ ಸಿಗುತ್ತವೆ. ಮೈಸೂರಿನ ಟಿ.ಎಸ್. ಸತ್ಯನ್ ಕ್ಯಾಮೆರಾದ ಡಿಗ್ರಿ ಇಲ್ಲದೆಯೇ ದೇಶದ ದೊಡ್ಡ ಸುದ್ದಿಚಿತ್ರಕಾರರಾದರು. 1977ರಲ್ಲಿ ಪದ್ಮಶ್ರೀ ಬಂತು. ಅದೇ ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದರು. 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಗೆ ತಿರುಗಿಸಿ ಬೆಳಕಿನ ಕೋಲು ನಿಲ್ಲಿಸಿದರು, ಮುಂದೆ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಾದರು. ಒಬ್ಬರನ್ನು ತೋರಿಸಿ ಬೇಡ ಅನ್ನಬಹುದು, ಇನ್ನೊಬ್ಬರನ್ನು ತೋರಿಸಿ ಬೇಕು ಅನ್ನಬಹುದು. ಇಂಥ ಲೆಕ್ಕದಿಂದ ತೀರ್ಮಾನ ಹೊರಡುವುದಿಲ್ಲ.

ನನಗೆ ಇದು ಧರ್ಮದ ಪ್ರಶ್ನೆಯಾಗಿ ಕಾಡುವುದಕ್ಕೆ ಕಾರಣವಿದೆ. ನಮ್ಮ ಕಡೆ ದುಡಿಮೆಗೆ ಕಾಯಕ ಅನ್ನುತ್ತೇವೆ. ಹಾಗೆ ಕರೆದ ಮೇಲೆ ಹೊಟ್ಟೆಪಾಡಿನ ಅಳತೆಯೊಂದೇ ಸಾಲುವುದಿಲ್ಲ. ಇನ್ನು, "ನೋಡೂದನ್ನ ಯಾರೂ ಕಲಸಾಕ ಆಗೂದಿಲ್ಲ, ಅದು ಹುಟ್ಟಿನಿಂದ ಬರಬೇಕು" ಎಂಬ ಮಾತನ್ನು ನಮ್ಮ ಧಂದೆಯವರು ಪದೇ ಪದೇ ಆಡುತ್ತಾರೆ. ಲಿಂಗ ಕಟ್ಟಿಕೊಂಡವರು ಇದನ್ನು ಒಪ್ಪುವುದು ಕಷ್ಟ. ನಮ್ಮ ಅಮ್ಮ ದಿನಾ ಮುಂಜಾನೆ ಜಳಕ ಮಾಡಿ, ಎಡಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಅಂಗೈಯಲ್ಲಿದ್ದ ಇಷ್ಟಲಿಂಗದ ಕರಿ ಕಂತಿಯ ಮೇಲೆ ದೃಷ್ಟಿ ನೆಟ್ಟು ಕೂರುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿದರೂ ರೆಪ್ಪೆ ಅಲುಗಾಡುತ್ತಿರಲಿಲ್ಲ. ಅದನ್ನು ಅವಳು ತಾನಾಗಿ ಕಂಡುಕೊಂಡವಳಲ್ಲ. ಗುರು ದೀಕ್ಷೆ ಕೊಟ್ಟಿದ್ದ. ನಮ್ಮ ಧರ್ಮದಲ್ಲಿ ನೋಟಕ್ಕೂ ಗುರು ಬೇಕು. ಕಲಿಸಲು ಬರುತ್ತದೆಯೋ ಇಲ್ಲವೋ ಎಂಬುದು ಹಾಗಾಗಿ ನನ್ನ ಪ್ರಶ್ನೆಯೇ ಅಲ್ಲ. ಗುರುವಾದ ಮೇಲೆ ಮತ್ತೇನು ಬೇಕು ಎಂಬುದು ಪ್ರಶ್ನೆ.

ನನಗೂ ಗುರು ಇದ್ದ, ಅಪ್ಪ. ಬಿಸಿಲಿನಲ್ಲಿ ದುಡಿದು ಕರಿದಾದ ಮುಖ, ಅದರ ಮೇಲೆ ಹಾಲಿನಂಥ ಬಿಳಿ ರುಮಾಲು, ಬಿಳಿ ಅಂಗಿ, ಬಿಳಿ ಧೋತರ: ಇದು ನಮ್ಮ ಸೀಮೆಯ ಫೋಟೋಗ್ರಾಫರ್‌ಗೆ ಬರುವ ಮೊದಲ ಪರೀಕ್ಷೆ. ಕ್ಯಾಮೆರಾದ ಮೀಟರ್ ಬಿಳಿಯನ್ನು ನೋಡಿ ಬೆಳಕು ಹೆಚ್ಚಾಯಿತೆಂದು ಲೆಕ್ಕ ಹಾಕುತ್ತದೆ, ಮುಖ ಮಸಿಯಾಗುತ್ತದೆ. ಅಪ್ಪ ಮೀಟರ್ ನಂಬುತ್ತಿರಲಿಲ್ಲ. ಗಲ್ಲದ ಮೇಲಿನ ಬೆಳಕನ್ನು ಕಣ್ಣಲ್ಲೇ ಅಳೆದು ಎರಡು ಸ್ಟಾಪ್ ತೆರೆಯುತ್ತಿದ್ದ. "ರುಮಾಲು ಸುಟ್ಟರೂ ಅಡ್ಡಿಯಿಲ್ಲ, ಮುಖ ಉಳೀಬೇಕು" ಅನ್ನುತ್ತಿದ್ದ. ಆಮೇಲೆ ಕೆಂಪು ದೀಪದ ಕೋಣೆಯಲ್ಲಿ ಪ್ರಿಂಟ್ ಮಾಡುವಾಗ ರುಮಾಲಿನ ಜಾಗಕ್ಕೆ ಮಾತ್ರ ಇನ್ನಷ್ಟು ಬೆಳಕು ಕೊಟ್ಟು, ಅಂಗೈಯಿಂದ ಮುಖ ಮರೆಮಾಡಿ, ಬಟ್ಟೆಯ ಮಡಿಕೆಗಳನ್ನು ಮರಳಿ ತರುತ್ತಿದ್ದ. ಇಷ್ಟನ್ನು ಯಾವ ವಿಶ್ವವಿದ್ಯಾಲಯವೂ ಇದಕ್ಕಿಂತ ಚೆನ್ನಾಗಿ ಕಲಿಸಲಾರದು. ಡಿಗ್ರಿಯಿಂದ ಕೈಗೆಲಸವಷ್ಟೇ ಬರುವುದಾದರೆ ಮಗಳು ಇಲ್ಲೇ ಇರಲಿ.

ಕೈಗೆಲಸ ಮುಗಿದ ಮೇಲೆ ಶುರುವಾಗುವ ತೊಡಕು ಬೇರೆ. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ವಿಭೂತಿ ಹಚ್ಚಿ ಹಾರ ಹಾಕಿ ಕೂಡ್ರಿಸುತ್ತಾರೆ. ಭಜನೆ ನಡೆದಿರುವಾಗಲೇ ಫೋಟೋಗ್ರಾಫರ್‌ಗೆ ಫೋನ್ ಬರುತ್ತದೆ. ಎಷ್ಟೋ ಹಳ್ಳಿಯ ಮುದುಕಿಯರಿಗೆ ಆಧಾರ್ ಕಾರ್ಡಿನ ಮಸುಕು ಚಿತ್ರ ಬಿಟ್ಟರೆ ಅದೊಂದೇ ಫೋಟೋ. ಹೋದ ವರ್ಷ ಒಬ್ಬ ರೈತ ಅಂಥದೊಂದು ಫೋಟೋ ತಂದು ಕೌಂಟರ್ ಮೇಲಿಟ್ಟ. "ಅಣ್ಣಾರ, ಅವ್ವನ ಕಣ್ಣು ತೆರದು ಕೊಡ್ರಿ. ಗಣಾರಾಧನೆಗೆ ಇಡಬೇಕು." ಈ ಕೆಲಸ ಎಲ್ಲ ಸ್ಟುಡಿಯೋಗಳಲ್ಲೂ ಇದೆ. ಅವನ ಅಕ್ಕನ ಫೋಟೋ ತರಿಸಿದೆ. ಅವಳ ಕಣ್ಣು ಕತ್ತರಿಸಿ, ರೆಪ್ಪೆಯ ಕೆಳಗೆ ಸುಕ್ಕು ಎಳೆದು, ಕರಿಗುಡ್ಡೆಯಲ್ಲಿ ಒಂದು ಬಿಳಿ ಚುಕ್ಕೆ ಇಟ್ಟೆ. ಆ ಚುಕ್ಕೆ ಇಲ್ಲದಿದ್ದರೆ ಕಣ್ಣು ತೆರೆದಿದ್ದರೂ ಜೀವ ಬರುವುದಿಲ್ಲ. ಕಟ್ಟು ಹಾಕಿಸಿದ ಫೋಟೋ ನೋಡಿ ಅವನು ಅಲ್ಲೇ ಕುಸಿದು ಕೂತು ಅತ್ತ. ಈಗ ಆ ಮನೆಯಲ್ಲಿ ದಿನಾ ಅದಕ್ಕೆ ಊದಿನಕಡ್ಡಿ ಬೆಳಗುತ್ತಾರೆ.

ಅವರು ಪೂಜಿಸುತ್ತಿರುವುದು ಯಾರ ಕಣ್ಣನ್ನು? ನಾನು ಸುಳ್ಳು ಮಾಡಿದೆನೋ, ದುಃಖದಲ್ಲಿದ್ದವನಿಗೆ ದಾಸೋಹ ಮಾಡಿದೆನೋ? ಎರಡಕ್ಕೂ ವಾದ ಹೂಡಬಲ್ಲೆ. ಆದರೆ ಈ ಪ್ರಶ್ನೆಯನ್ನು ನನ್ನನ್ನು ಬಿಟ್ಟು ಬೇರೆ ಯಾರೂ ಕೇಳಲಿಲ್ಲ. ಫ್ರೇಮ್ ಸೇರಿಸಿ ದುಡ್ಡು ಎಣಿಸಿಕೊಂಡೆ, ಅಲ್ಲಿಗೆ ವ್ಯವಹಾರ ಮುಗಿಯಿತು.

ಮುಖವೇ ಇಲ್ಲದ ಕಡೆ ಮುಖ ಮಾಡಿಕೊಳ್ಳುವುದು ನಮ್ಮೂರಿಗೆ ಹೊಸದೂ ಅಲ್ಲ. ಕಿತ್ತೂರು ಚೆನ್ನಮ್ಮ ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದ ಕಾಲಕ್ಕೇ, 1826-27ರ ಸುಮಾರಿಗೆ, ಫ್ರಾನ್ಸಿನಲ್ಲಿ ನಿಯೆಪ್ಸ್ ಎಂಬಾತ ತನ್ನ ಕಿಟಕಿಯಾಚೆಯ ಮಾಡುಗಳನ್ನು ಬೆಳಕಿನಿಂದಲೇ ತಗಡಿನ ಮೇಲೆ ಮೂಡಿಸಿದ. ರಾಣಿ ತೀರಿಕೊಂಡದ್ದು 1829ರಲ್ಲಿ. ಫೋಟೋ ತೆಗೆಯುವ ಡಾಗೇರನ ವಿಧಾನವನ್ನು ಪ್ಯಾರಿಸ್ಸಿನಲ್ಲಿ ಜಗತ್ತಿಗೆ ಬಿಚ್ಚಿಟ್ಟದ್ದು 1839ರ ಆಗಸ್ಟ್ 19ರಂದು. ಹತ್ತು ವರ್ಷದ ಅಂತರ. ಹಾಗಾಗಿ ಚೆನ್ನಮ್ಮನ ಫೋಟೋ ಇಲ್ಲ, ಇರಲು ಸಾಧ್ಯವೂ ಇಲ್ಲ. ಆದರೂ ಶಾಲೆಯ ಗ್ಯಾದರಿಂಗ್ ಬಂದರೆ, ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ ಬಂದರೆ, ರಟ್ಟಿನ ಕತ್ತಿ ಹಿಡಿದ ಪುಟ್ಟ ಚೆನ್ನಮ್ಮಂದಿರು ನನ್ನ ಸ್ಟುಡಿಯೋದಲ್ಲಿ ಸಾಲುಗಟ್ಟುತ್ತಾರೆ. ಅವರ ಅವ್ವಂದಿರು ಕಚ್ಚೆ, ಹಣೆಪಟ್ಟಿ ಸರಿ ಮಾಡುವುದು 1961ರ ಸಿನಿಮಾದ ಬಿ. ಸರೋಜಾದೇವಿಯನ್ನೂ ಸರ್ಕಲ್ಲಿನ ಪ್ರತಿಮೆಯನ್ನೂ ನೆನೆದು. ಇದನ್ನು ಮೋಸ ಎಂದು ಯಾರೂ ಅನ್ನುವುದಿಲ್ಲ, ನಾನೂ ಅನ್ನುವುದಿಲ್ಲ. ಇದು ಕಲ್ಪನೆ ಎಂದು ಎಲ್ಲರಿಗೂ ಗೊತ್ತಿದೆ. ಆ ರೈತನ ಅವ್ವನ ಮೊಮ್ಮಕ್ಕಳಿಗೆ ಮಾತ್ರ ಮುಂದೊಂದು ದಿನ ಗೊತ್ತಿರುವುದಿಲ್ಲ.

ಇನ್ನೊಂದು ಬಗೆಯ ತೊಡಕು ಸವದತ್ತಿಯ ಎಲ್ಲಮ್ಮನ ಗುಡ್ಡದ್ದು. ಹರೆಯದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಅಲ್ಲಿ ತಿರುಗುತ್ತಿದ್ದೆ. ನೈವೇದ್ಯದ ಪಡ್ಡಲಗಿ ತುಂಬಿಸಿದ ಮನೆಮಂದಿಯನ್ನು ಭಂಡಾರದ ಧೂಳಿನಲ್ಲೇ ಸಾಲಾಗಿ ನಿಲ್ಲಿಸಿ ತೆಗೆದು, ವಿಳಾಸ ಬರೆದುಕೊಂಡು, ಆಮೇಲೆ ಅಂಚೆಯಲ್ಲಿ ಕಳಿಸುತ್ತಿದ್ದೆವು. ದೊಡ್ಡ ದೊಡ್ಡ ಲೆನ್ಸಿನವರೂ ಬರುತ್ತಿದ್ದರು. ಅವರಿಗೆ ಬೇಕಾದದ್ದು ತಲೆಯ ಮೇಲೆ ಕೊಡ ಹೊತ್ತ, ಎಲ್ಲಮ್ಮನಿಗೆ ಬಿಟ್ಟ ಜೋಗತಿಯರು. ಜೋಗುಳಬಾವಿಯ ಹತ್ತಿರ ಒಬ್ಬ ಹಿರಿಯ ಜೋಗತಿ ನನ್ನ ಕ್ಯಾಮೆರಾ ನೋಡಿ ಕೇಳಿದ್ದಳು: "ಎಷ್ಟ್ ಮಂದಿ ತಗೊಂಡು ಹೋದ್ರು ನನ್ನ ಫೋಟೋ! ಒಬ್ಬರರೆ ತಂದು ತೋರಿಸಿದ್ರೇನು?" ಹೀಗೆ ದೇವರಿಗೆ ಬಿಡುವ ದೇವದಾಸಿ ಪದ್ಧತಿಯ ನಿಷೇಧಕ್ಕೆ 1982ರ ಕಾಯ್ದೆ ಬಂತು. ಸುದ್ದಿಗೆ, ಜಾಗೃತಿಗೆ ಚಿತ್ರಗಳು ಬೇಕಾದವು, ನಿಜ. ಆದರೆ ಚಿತ್ರದಲ್ಲಿದ್ದವಳಿಗೆ ಅದರ ಮೇಲೆ ಯಾವ ಹಕ್ಕು? 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ಹೋದ ಮಂಜಮ್ಮ ಜೋಗತಿ ಸೆರಗಿನಿಂದ ರಾಷ್ಟ್ರಪತಿಗೆ ದೃಷ್ಟಿ ತೆಗೆದ ದೃಶ್ಯ ಎಲ್ಲರೂ ಕಂಡದ್ದು. ಅದರಲ್ಲಿ ಜೋಗತಿ ಕೊಡುವವಳು. ನಾವು ಗುಡ್ಡದಲ್ಲಿ ತೆಗೆದದ್ದರಲ್ಲಿ ಅವಳಿಂದ ಬರೀ ತೆಗೆದುಕೊಂಡದ್ದೇ. ಡಿಗ್ರಿ ಇದ್ದವರೂ ಇಲ್ಲದವರೂ ಈ ವಿಷಯದಲ್ಲಿ ಒಂದೇ.

ಹನ್ನೆರಡನೆಯ ಶತಮಾನದ ಶರಣರನ್ನು ನಾವು ದುಡಿಮೆಯ ಹಿರಿಮೆಗಾಗಿ ನೆನೆಯುತ್ತೇವೆ. ಅಂಬಿಗ, ಮಡಿವಾಳ, ಹಗ್ಗ ಹೊಸೆಯುವವ, ಅಕ್ಕಿ ಆಯುವವ, ಎಲ್ಲರ ಹೆಸರೂ ಬಾಯಲ್ಲಿದೆ. ಅವರಿಗೆ ಅನುಭವ ಮಂಟಪವೂ ಇತ್ತು ಎಂಬುದನ್ನು ಅಷ್ಟಾಗಿ ಯೋಚಿಸುವುದಿಲ್ಲ. ಕೆಲಸ ಮಾಡಿದರಷ್ಟೇ ಸಾಲದು, ಅದರ ಬಗ್ಗೆ ಇತರರ ಎದುರು ನಿಂತು ಉತ್ತರ ಕೊಡಬೇಕಿತ್ತು. ಅಕ್ಕಿ ಆಯುವ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ತಡೆದು ಕೇಳಿದಳು, ಹೆಚ್ಚಿನದನ್ನು ಮರಳಿ ಸುರಿದು ಬರಲು ಕಳಿಸಿದಳು. ಅವಳು ಕೇಳದಿದ್ದರೆ ಅದು ಬರೀ ಅಕ್ಕಿ ಆಯುವ ಕೆಲಸ. ಕಲ್ಯಾಣ ಒಡೆದ ಮೇಲೆ ಶರಣರು ಉಳವಿಯ ದಾರಿ ಹಿಡಿದು ಹಾದುಹೋದದ್ದು ನಮ್ಮ ಸೀಮೆಯಲ್ಲೇ. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಮಡಿಲಲ್ಲಿ ಶರಣೆ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಕಾಯಕದ ಮಾತು ನಮ್ಮಲ್ಲಿ ಉಳಿಯಿತು, ಮಂಟಪ ಉಳಿಯಲಿಲ್ಲ. ಗುರು, ಲಿಂಗ, ಜಂಗಮ ಎಂಬ ಮೂರರಲ್ಲಿ ನನ್ನ ಸ್ಟುಡಿಯೋಗೆ ಗುರು ಇದ್ದ, ದಿನನಿತ್ಯದ ನಿಷ್ಠೆಯೂ ಇದೆ. ಬಾಗಿಲಿಗೆ ಬಂದು ಪ್ರಶ್ನೆ ಹಾಕುವ ಜಂಗಮನಿಲ್ಲ.

ನಮ್ಮ ಫೋಟೋಗ್ರಾಫರ್‌ಗಳ ಸಂಘ ಆ ಜಾಗ ತುಂಬಬಹುದಿತ್ತು. ಆಗಸ್ಟ್ 19 ಬಂದರೆ ಡಾಗೇರನ ಫೋಟೋಗೆ ಹಾರ ಹಾಕಿ ಸಭೆ ಸೇರುತ್ತೇವೆ. ಅಲ್ಲಿ ಮಾತು ಮದುವೆ ಸೀಜನ್ನಿನ ರೇಟು, ಪ್ರಿ-ವೆಡ್ಡಿಂಗ್ ಪ್ಯಾಕೇಜು, ಬಾಕಿ ಉಳಿಸಿಕೊಂಡ ಗಿರಾಕಿಗಳ ಮೇಲೆ ಹೊರಳುತ್ತದೆ. ಬೇಕಾದ ಮಾತುಗಳೇ. ಆದರೆ ಒಬ್ಬನ ಚಿತ್ರವನ್ನು ಮುಂದಿಟ್ಟುಕೊಂಡು 'ಇದನ್ನು ಯಾಕೆ ತೆಗೆದೆ, ಇವರ ಒಪ್ಪಿಗೆ ಇತ್ತೇ' ಎಂದು ಕೇಳಿದರೆ ಮುಂದಿನ ವರ್ಷ ಅವನು ವಂತಿಗೆ ಕೊಡುವುದಿಲ್ಲ.

ಕಲಾಶಾಲೆಗಳಲ್ಲಿ ವಿದ್ಯಾರ್ಥಿ ಮಾಡಿದ್ದನ್ನು ಗೋಡೆಗೆ ತೂಗುಹಾಕಿ, ಕಲಿಸುವವರೂ ಜೊತೆಗಾರರೂ ಸುತ್ತ ನಿಂತು ಕೆದಕಿ ಕೆದಕಿ ಕೇಳುವ ರೂಢಿಯಿದೆ. ಪದವಿಗೆ ಬೆಲೆ ಬರುವುದು ಅದರಿಂದ ಎಂದು ನನಗೆ ಅನ್ನಿಸುತ್ತದೆ. ಸರ್ಟಿಫಿಕೇಟು ಗೋಡೆಗೆ, ಕ್ಯಾಮೆರಾದ ಜ್ಞಾನ ಯೂಟ್ಯೂಬಿನಲ್ಲೂ ಇದೆ, ನೌಕರಿಯ ಖಾತ್ರಿ ಯಾರೂ ಕೊಡಲಾರರು. ಗಿರಾಕಿಯಲ್ಲದವರು, ಬಂಧುವಲ್ಲದವರು, ದುಡ್ಡಿನ ಹಂಗಿಲ್ಲದವರು ನಾಲ್ಕು ವರ್ಷ ನಿನ್ನ ಚಿತ್ರಕ್ಕೆ ಪ್ರಶ್ನೆ ಹಾಕುತ್ತಾರೆ ಎಂಬುದು ಬೈಲಹೊಂಗಲದ ಬಜಾರಿನಲ್ಲಿ ಸಿಗದ ವಸ್ತು. ಎಲ್ಲ ಕಾಲೇಜಿನಲ್ಲೂ ಅದು ನಡೆಯುತ್ತದೆ ಎಂಬ ಭ್ರಮೆ ನನಗಿಲ್ಲ. ಹಾಜರಿ ತುಂಬಿಸಿ, ಅಸೈನ್‌ಮೆಂಟ್ ಒಪ್ಪಿಸಿ ಡಿಗ್ರಿ ಪಡೆಯಲೂ ಬರುತ್ತದೆ. ಅಂಥ ಡಿಗ್ರಿಗಿಂತ ಭಾವಮೈದುನನ ಡ್ರೋನೇ ಮೇಲು. ಅದಕ್ಕೇ ಮಗಳಿಗೆ ಹೇಳಿದ್ದೇನೆ: ಅರ್ಜಿ ಹಾಕುವ ಮುಂಚೆ ಒಮ್ಮೆ ಹೋಗಿ ಬಾ. ಲ್ಯಾಬು, ಕ್ಯಾಮೆರಾ ನೋಡುವುದು ಆಮೇಲೆ. ಅಲ್ಲಿ ಓದುತ್ತಿರುವವರನ್ನು ಹಿಡಿದು, ನಿಮ್ಮ ಚಿತ್ರವನ್ನು ಇಲ್ಲಿ ಯಾರು ನೋಡುತ್ತಾರೆ, ಏನು ಕೇಳುತ್ತಾರೆ ಎಂದು ವಿಚಾರಿಸು. ಉತ್ತರ ಸರಿ ಬಂದರೆ ಫೀಸು ನನ್ನದು. ಡ್ರೋನ್ ಈ ವರ್ಷವೂ ಬಾಡಿಗೆಗೆ ತಂದರಾಯಿತು.

ಒಂದು ಷರತ್ತನ್ನೂ ಹಾಕಿದ್ದೇನೆ. ಸೇರಿದ ಮೇಲೆ ಅವಳು ಅಲ್ಲಿ ಮುಂದಿಡುವ ಮೊದಲ ಚಿತ್ರ ಅವಳದ್ದಾಗಿರಬಾರದು, ನನ್ನದಾಗಿರಬೇಕು: ನಾನು ಕಣ್ಣು ತೆರೆಸಿದ ಆ ಮುದುಕಿಯ ಫೋಟೋ. ಅವರು ಏನೆಂದರೂ ಮುಚ್ಚುಮರೆಯಿಲ್ಲದೆ ನನಗೆ ತಿಳಿಸಬೇಕು. "ಅದಕ್ಕ ಮೊದಲ ಆ ಮನಿಯವರನ್ನ ಕೇಳಬೇಕಲ್ಲಪಾ" ಅಂದಳು ಮಗಳು. ಸರಿಯಾದ ಮಾತು. ಬರುವ ಸೋಮವಾರ ಆ ರೈತನ ಮನೆಗೆ ಹೋಗುತ್ತಿದ್ದೇನೆ. ಅವನು ಬೇಡ ಅಂದರೆ ಬೇಡ.