ಬೆಳ್ಳಿಗೆ ದೇಶವುಂಟೆ?

ದೀಪಾವಳಿಯ ಅಮಾವಾಸ್ಯೆಯಲ್ಲಿ ಪ್ರಾತಃಕಾಲ ನಿರ್ವಾಣ ಪೂಜೆಯನ್ನು ಮುಗಿಸಿ, ಸಾಯಂಕಾಲ ಅಂಗಡಿಯಲ್ಲಿ ಕಿರ್ದಿ-ಖಾತೆಗಳ ಪೂಜೆ ಮಾಡುವುದು ನಮ್ಮ ಮನೆತನದಲ್ಲಿ ನಡೆದುಬಂದ ಪದ್ಧತಿ. ಆ ಹೊತ್ತಿಗೆ ತಟ್ಟೆಯಲ್ಲಿ ಹನ್ನೊಂದು ಬೆಳ್ಳಿಯ ರೂಪಾಯಿಗಳನ್ನು ಇಡುತ್ತೇವೆ. ಅವು ಅಜ್ಜನವರ ಕಾಲದಿಂದ ಬಂದವು. ಕೆಲವು ವಿಕ್ಟೋರಿಯಾ ರಾಣಿಯವು, ಉಳಿದವು ಐದನೆಯ ಜಾರ್ಜ್ ದೊರೆಯವು. 2025ರ ದೀಪಾವಳಿಗೆ ಅಮೆರಿಕದಲ್ಲಿ ನೆಲೆಸಿರುವ ನನ್ನ ಅಣ್ಣನ ಮಗನು ಊರಿಗೆ ಬಂದಿದ್ದನು. ಬೆಳ್ಳಿಯ ನಾಣ್ಯಗಳನ್ನು ಸಂಗ್ರಹಿಸುವುದು ಅವನ ಹವ್ಯಾಸ. ಆ ದೇಶದ ಸರ್ಕಾರವು ಅಚ್ಚು ಹಾಕಿಸುವ 'ಸಿಲ್ವರ್ ಈಗಲ್' ಎಂಬ ನಾಣ್ಯವೊಂದನ್ನು ನನಗಾಗಿ ತಂದಿದ್ದನು. ಅದನ್ನೂ ತಟ್ಟೆಯಲ್ಲಿಡಲು ಕೈ ಮುಂದೆ ಮಾಡಿದಾಗ ನಾನು ತಡೆದು, ಪರದೇಶದ ನಾಣ್ಯ ಪೂಜೆಗೆ ಬೇಡವೆಂದೆನು. ಅವನು ನಕ್ಕು, "ಕಾಕಾ, ತಟ್ಟ್ಯಾಗ ಕುಂತಾನಲ್ಲ ಈ ರಾಜಾ, ಇವನು ಯಾವ ಊರಾಂವ?" ಎಂದು ಕೇಳಿದನು.

ನನ್ನಲ್ಲಿ ಉತ್ತರವಿರಲಿಲ್ಲ. ನಾಣ್ಯವನ್ನು ತಟ್ಟೆಯಲ್ಲಿಟ್ಟೆವು, ಪೂಜೆ ಮುಗಿಯಿತು. ಆದರೆ ನಲವತ್ತು ವರ್ಷಗಳಿಗೂ ಮೇಲ್ಪಟ್ಟು ಬೆಳ್ಳಿಯ ವ್ಯಾಪಾರದಲ್ಲಿಯೇ ಕೂದಲು ನೆರೆಸಿಕೊಂಡ ನಾನು ಸ್ವದೇಶಿ ನಾಣ್ಯವೆಂದರೇನು, ಪರದೇಶಿ ನಾಣ್ಯವೆಂದರೇನು, ಒಂದನ್ನು ಮೆಚ್ಚಿ ಇನ್ನೊಂದನ್ನು ಕಡೆಗಣಿಸುವುದರಲ್ಲಿ ನ್ಯಾಯಾನ್ಯಾಯಗಳೇನಾದರೂ ಉಂಟೆ ಎಂದು ಅಲ್ಲಿಯವರೆಗೆ ವಿಚಾರಿಸಿಯೇ ಇರಲಿಲ್ಲ. ಆ ವಿಚಾರವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಅಮೆರಿಕದ ಸಂಗ್ರಾಹಕರಲ್ಲಿ ಈ ಪಕ್ಷಭೇದ ಬಹಳ ಸ್ಪಷ್ಟವಾಗಿದೆಯಂತೆ. ಈಗಲ್ ನಾಣ್ಯವು 1985ರ ಕಾನೂನಿನ ಮೇರೆಗೆ 1986ರಿಂದ ಹೊರಬರುತ್ತಿದೆ. ಅದರ ತೂಕ ಒಂದು ಟ್ರಾಯ್ ಔನ್ಸ್, ಅಂದರೆ ಸುಮಾರು 31.1 ಗ್ರಾಂ, ಸಾವಿರಕ್ಕೆ 999 ಪಾಲು ಬೆಳ್ಳಿ. ಕೆನಡಾ ದೇಶವು 1988ರಿಂದ ಹೊರಡಿಸುತ್ತಿರುವ ಮೇಪಲ್ ಎಲೆಯ ನಾಣ್ಯವು ತೂಕದಲ್ಲಿ ಅಷ್ಟೇ ಇದ್ದು, ಚೊಕ್ಕತನದಲ್ಲಿ ಇನ್ನೂ ಮೇಲು: ಹತ್ತುಸಾವಿರಕ್ಕೆ 9999 ಪಾಲು. ಆಸ್ಟ್ರಿಯ ದೇಶದ ಫಿಲ್‌ಹಾರ್ಮೋನಿಕ್ ನಾಣ್ಯ 2008ರಿಂದ ಬರುತ್ತಿದೆ. ಹೀಗಿದ್ದೂ ಅಲ್ಲಿನ ಪೇಟೆಯಲ್ಲಿ ಬೆಳ್ಳಿಯ ಬೆಲೆಯ ಮೇಲೆ ಈಗಲ್‌ಗೆ ತೆರಬೇಕಾದ ಹೆಚ್ಚಳವು ಸಾಮಾನ್ಯವಾಗಿ ಈ ಪರದೇಶದ ನಾಣ್ಯಗಳಿಗಿಂತ ಜಾಸ್ತಿ. ಕಡಿಮೆ ಚೊಕ್ಕತನದ ನಾಣ್ಯಕ್ಕೆ ಹೆಚ್ಚು ಹಣ! ಏಕೆಂದು ಕೇಳಿದರೆ, ಮಾರುವಾಗ ಅಂಗಡಿಯವನು ಮರುಮಾತಿಲ್ಲದೆ ಕೊಳ್ಳುತ್ತಾನೆ ಎಂದು ಕೆಲವರೂ, ನಮ್ಮ ದೇಶದ್ದು ಎಂದು ಕೆಲವರೂ ಹೇಳುತ್ತಾರಂತೆ. ಮತ್ತೊಂದು ಪಂಗಡದವರು ಚೀನಾದ ಪಾಂಡಾ ನಾಣ್ಯವನ್ನು ಹುಡುಕಿ ಕೊಳ್ಳುವರು. ಅದರ ಚಿತ್ರ ಬಹುಮಟ್ಟಿಗೆ ವರ್ಷವರ್ಷವೂ ಬದಲಾಗುವುದೇ ಅವರಿಗೆ ಆಕರ್ಷಣೆ.

ಈಗ ನಮ್ಮ ತಟ್ಟೆಯ ರೂಪಾಯಿಗೆ ಬರೋಣ. ಅದು ತೂಕದಲ್ಲಿ ಸರಿಯಾಗಿ ಒಂದು ತೊಲ, 11.66 ಗ್ರಾಂ; ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಅಚ್ಚಾದದ್ದು ಮುಂಬಯಿ ಅಥವಾ ಕಲ್ಕತ್ತೆಯ ಟಂಕಸಾಲೆಯಲ್ಲಿ. ಮುಖ ಮಾತ್ರ ಪರದೇಶದ ದೊರೆಯದು. ಬೆಳ್ಳಿ ಎಲ್ಲಿಯದು? ಹೇಳಿಕೊಳ್ಳುವಂತಹ ಬೆಳ್ಳಿಯ ಗಣಿ ಆ ಕಾಲದಲ್ಲಿ ನಮ್ಮಲ್ಲಿ ಇರಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಇಲ್ಲಿ ರೂಪಾಯಿಗೆ ಬೆಳ್ಳಿ ಸಾಲದೆ, ನೋಟು ತಂದವರಿಗೆ ನಾಣ್ಯ ಕೊಡುವುದೇ ಕಷ್ಟವಾಯಿತು. ಆಗ ಅಮೆರಿಕದ ಸಂಸತ್ತು 1918ರಲ್ಲಿ ಪಿಟ್‌ಮನ್ ಕಾಯಿದೆಯನ್ನು ಅಂಗೀಕರಿಸಿ, ತನ್ನ ಖಜಾನೆಯ ಬೆಳ್ಳಿಯ ಡಾಲರ್ ನಾಣ್ಯಗಳಲ್ಲಿ 27 ಕೋಟಿಯಷ್ಟನ್ನು ಕರಗಿಸಿತು. ಅದರಲ್ಲಿ ಸುಮಾರು 26 ಕೋಟಿ ನಾಣ್ಯಗಳ ಬೆಳ್ಳಿಯನ್ನು ಬ್ರಿಟಿಷ್ ಸರ್ಕಾರವು ಭಾರತಕ್ಕೆಂದು ಕೊಂಡಿತು. ನಾನು ಸ್ವದೇಶಿ ಎಂದು ತಿಳಿದು ಕುಂಕುಮವಿಟ್ಟ ಜಾರ್ಜ್ ರೂಪಾಯಿಗಳಲ್ಲಿ ಕೆಲವಾದರೂ ಅಮೆರಿಕದ ಡಾಲರುಗಳ ಮರುಜನ್ಮವಾಗಿರಬಹುದು. ಎರಡನೆಯ ಯುದ್ಧದಲ್ಲಿಯೂ ಹೀಗೆಯೇ ಆಯಿತು. ಇಪ್ಪತ್ತು ಕೋಟಿ ಔನ್ಸಿಗೂ ಮೇಲ್ಪಟ್ಟು ಬೆಳ್ಳಿ ಆ ದೇಶದಿಂದ ಸಾಲವಾಗಿ ಬಂದಿತು. ಸ್ವಾತಂತ್ರ್ಯಾನಂತರ ನಮ್ಮ ಸರ್ಕಾರವು ಚಲಾವಣೆಯಿಂದ ಹಿಂದಕ್ಕೆ ಪಡೆದ ರೂಪಾಯಿಗಳಿಂದ ಬೆಳ್ಳಿಯನ್ನು ಬೇರ್ಪಡಿಸಿ ಆ ಸಾಲವನ್ನು ಹಿಂದಿರುಗಿಸಿತು. ಈಗಲ್ ನಾಣ್ಯಗಳಿಗಾದರೂ ಮೊದಲ ಹದಿನೈದು-ಹದಿನಾರು ವರ್ಷ ಬೆಳ್ಳಿ ಬಂದದ್ದು ಅಮೆರಿಕ ಸರ್ಕಾರದ ಹಳೆಯ ದಾಸ್ತಾನಿನಿಂದ. ಅದು ತೀರುತ್ತ ಬಂದಾಗ 2002ರಲ್ಲಿ ಕಾನೂನನ್ನು ಬದಲಿಸಿದರು. ಆ ದಾಸ್ತಾನಿನಲ್ಲಿ ನಮ್ಮ ರೂಪಾಯಿಗಳ ಬೆಳ್ಳಿಯ ಒಂದು ಕಣವೂ ಇರಲಿಲ್ಲವೆಂದು ಯಾರು ಹೇಳಬಲ್ಲರು?

ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಕೊಡುವ ದೃಷ್ಟಾಂತ ನಮ್ಮ ಓದುಗರಿಗೆ ಹೊಸದಲ್ಲ. ಚಿನ್ನದ ಕೊಡವನ್ನು ಮುರಿದು ಕಿರೀಟ ಮಾಡಿದಾಗ ಕೊಡವನ್ನು ಬಯಸಿದವನು ದುಃಖಿಸುತ್ತಾನೆ, ಕಿರೀಟವನ್ನು ಬಯಸಿದವನು ಹರ್ಷಿಸುತ್ತಾನೆ, ಚಿನ್ನವನ್ನೇ ಬಯಸಿದವನು ಮಧ್ಯಸ್ಥನಾಗಿರುತ್ತಾನೆ. ದ್ರವ್ಯ ಒಂದೇ, ಪರ್ಯಾಯಗಳು ಬೇರೆ. ಡಾಲರು ಅಳಿದು ರೂಪಾಯಿಯಾಯಿತು, ರೂಪಾಯಿ ಅಳಿದು ಗಟ್ಟಿಯಾಯಿತು. ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯಿತು. ಹಾಗಾದರೆ ಸ್ವದೇಶಿ-ಪರದೇಶಿ ಎಂಬ ಭೇದವೆಲ್ಲ ಬರಿಯ ಮೋಹವೆಂದು ಹೇಳಿ ಲೇಖನವನ್ನು ಇಲ್ಲಿಗೇ ಮುಗಿಸಬಹುದಿತ್ತು. ಹಾಗೆ ಮುಗಿಸುವುದು ಸುಲಭ. ಆದರೆ ಅದು ಏಕಾಂತವಾದವಾದೀತು. ಪರ್ಯಾಯವೂ ಸತ್ಯವೆಂಬುದನ್ನು ಆ ದೃಷ್ಟಾಂತವೇ ಹೇಳುತ್ತದೆಯಲ್ಲವೆ?

ನಾಣ್ಯದ ಮುದ್ರೆ ಕೇವಲ ಅಲಂಕಾರವಲ್ಲ, ಅದೊಂದು ವಚನ. ಇದರಲ್ಲಿ ಇಷ್ಟು ತೂಕವಿದೆ, ಇಷ್ಟು ಚೊಕ್ಕ ಬೆಳ್ಳಿಯಿದೆ ಎಂದು ಒಂದು ರಾಜ್ಯವು ಮಾತು ಕೊಡುತ್ತದೆ. ಒರೆಗಲ್ಲು ಹಿಡಿಯಲು ಬಾರದ ಸಾಮಾನ್ಯನು ಆ ಮಾತನ್ನು ನಂಬಿ ಕೊಳ್ಳುತ್ತಾನೆ. ತಾನು ಬಲ್ಲ ಲಿಪಿಯಲ್ಲಿ, ತಾನು ಬಲ್ಲ ಚಿಹ್ನೆಯಲ್ಲಿ ಕೊಟ್ಟ ಮಾತನ್ನು ಅವನು ಹೆಚ್ಚು ನಂಬಿದರೆ ತಪ್ಪೇನಿಲ್ಲ. ಕಳ್ಳ ನಾಣ್ಯವನ್ನು ಗುರುತಿಸುವುದಕ್ಕೂ ಪರಿಚಯವೇ ಸಹಾಯ. ಆದ್ದರಿಂದ ಅಮೆರಿಕದವನು ಈಗಲ್ ಅನ್ನು ಮೆಚ್ಚುವುದರಲ್ಲಿ ನಾನು ದೋಷ ಕಾಣಲಾರೆ. ಆದರೆ ಸ್ವದೇಶದ ಮುಖವಿದ್ದ ಮಾತ್ರಕ್ಕೆ ಬೆಳ್ಳಿ ಹೆಚ್ಚೆಂದು ತಿಳಿಯುವುದು ಬೇರೆ ಮಾತು. 1940ರಿಂದ ಅಚ್ಚಾದ ಆರನೆಯ ಜಾರ್ಜ್ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿದಿತ್ತು. ನೋಡುವುದಕ್ಕೆ ಹಿಂದಿನದರ ತಮ್ಮನಂತೆಯೇ ಇತ್ತು. 2001ರಲ್ಲಿ ಭಗವಾನ್ ಮಹಾವೀರರ 2600ನೆಯ ಜನ್ಮಕಲ್ಯಾಣಕದ ಸ್ಮರಣಾರ್ಥ ಭಾರತ ಸರ್ಕಾರವು ಹೊರಡಿಸಿದ 100 ರೂಪಾಯಿಯ ನಾಣ್ಯ ನಮ್ಮ ಅನೇಕ ಮನೆಗಳಲ್ಲಿದೆ. 35 ಗ್ರಾಂ ತೂಕದ ಆ ನಾಣ್ಯದಲ್ಲಿಯೂ ಬೆಳ್ಳಿ ಅರ್ಧ ಮಾತ್ರ. ಸರ್ಕಾರ ಇದನ್ನು ಮುಚ್ಚಿಟ್ಟಿಲ್ಲ. ಕೊಳ್ಳುವವರು ಕೇಳುವುದಿಲ್ಲ ಅಷ್ಟೆ. ಭಕ್ತಿಗೆ ತಕ್ಕಡಿ ಬೇಡ, ನಿಜ. ಆದರೆ ಮಗಳ ಮದುವೆಗೆ ಆಪದ್ಧನವೆಂದು ಕೊಳ್ಳುವವರಿಗೆ ಬೇಕು. ಇನ್ನು ಅಕ್ಷಯ ತೃತೀಯೆಗೆ ಅಂಗಡಿಗಳಲ್ಲಿ ಮಾರುವ ಲಕ್ಷ್ಮೀ-ಗಣಪತಿಯ 'ನಾಣ್ಯ'ಗಳು ಕಾನೂನಿನ ದೃಷ್ಟಿಯಲ್ಲಿ ನಾಣ್ಯಗಳೇ ಅಲ್ಲ, ಪದಕಗಳು. ಅಲ್ಲಿ ವಚನ ರಾಜ್ಯದ್ದಲ್ಲ, ಮಾಡಿದವನದು.

ಮುಖಕ್ಕೆ ಮರುಳಾಗುವುದರಲ್ಲಿ ಸಂಗ್ರಾಹಕರನ್ನು ಮೀರಿಸಿದವರಿಲ್ಲ. 1911ರ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದ್ದರಿಂದ ಸರ್ಕಾರ ಮರುವರ್ಷವೇ ಅಚ್ಚನ್ನು ತಿದ್ದಿತು. ಅಂದು ಬೇಡವಾದ ಆ ನಾಣ್ಯಕ್ಕೇ ಇಂದು ಹೆಚ್ಚು ಬೆಲೆ!

ಪರದೇಶದ ನಾಣ್ಯವನ್ನು ಬೇಡವೆನ್ನುವುದಕ್ಕೆ ಧರ್ಮದ ಕಾರಣವೂ ಇರಬಹುದೆಂಬುದಕ್ಕೆ ಒಂದು ನಿದರ್ಶನವುಂಟು. ಅದು ಬಂಗಾರದ್ದು. ದಕ್ಷಿಣ ಆಫ್ರಿಕವು 1967ರಿಂದ ಹೊರಡಿಸಿದ ಕ್ರೂಗರ್‌ರ್ಯಾಂಡ್ ಲೋಕದಲ್ಲೆಲ್ಲ ಮಾರಾಟವಾಗುತ್ತಿತ್ತು. ಅಲ್ಲಿನ ವರ್ಣಭೇದ ನೀತಿಯನ್ನು ವಿರೋಧಿಸಿ 1985ರಲ್ಲಿ ಅಮೆರಿಕವು ಅದರ ಆಮದನ್ನು ನಿಷೇಧಿಸಿತು. ಇಲ್ಲಿ ಬೇಡವಾದದ್ದು ಲೋಹವೂ ಅಲ್ಲ, ಮುದ್ರೆಯೂ ಅಲ್ಲ. ಅದರ ಹಿಂದಿದ್ದ ಮನುಷ್ಯರ ನೋವು. ಆದರೆ ಇದನ್ನು ಸ್ವದೇಶಾಭಿಮಾನವೆಂದು ಕರೆಯಲಾಗದು. ಅದೇ ನೋವು ಸ್ವದೇಶದ ಗಣಿಯಲ್ಲಿದ್ದರೂ ನಿರಾಕರಣೆ ಅಷ್ಟೇ ಸಲ್ಲಬೇಕಾಗುತ್ತದೆ.

ಇಷ್ಟೆಲ್ಲ ಬರೆದ ಮೇಲೆ, ಅಣ್ಣನ ಮಗನ ನಗೆಯು ನನಗೆ ಅಂದು ಏಕೆ ಚುಚ್ಚಿತೆಂಬುದನ್ನೂ ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾದೀತು.

ನಮ್ಮ ಅಜ್ಜನವರು ಗದುಗಿನಲ್ಲಿ ಅರಳೆ ಮತ್ತು ಜವಳಿಯ ವ್ಯಾಪಾರ ಮಾಡುತ್ತಿದ್ದರು. ಗದಗು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು; ಪೂರ್ವಕ್ಕಿರುವ ಕೊಪ್ಪಳವು ನಿಜಾಮರ ಸೀಮೆ. ಇಲ್ಲಿ ಬ್ರಿಟಿಷರ ಕಲ್ದಾರ ರೂಪಾಯಿ, ಅಲ್ಲಿ ಚಾರ್ಮಿನಾರಿನ ಚಿತ್ರವಿದ್ದ ಹಾಲಿ ಸಿಕ್ಕಾ. ಒಂದು ದಿನದ ಬಂಡಿಯ ಪ್ರಯಾಣದಲ್ಲಿ ಸ್ವದೇಶಿಯು ಪರದೇಶಿಯಾಗುತ್ತಿತ್ತು. ಅಜ್ಜನವರ ಗಲ್ಲೆಯಲ್ಲಿ ಎರಡಕ್ಕೂ ಬೇರೆ ಬೇರೆ ಖಾನೆಗಳಿದ್ದವು. ಏಳು ಹಾಲಿಗೆ ಆರು ಕಲ್ದಾರ ಎಂಬುದು ಸ್ಥೂಲವಾಗಿ ನಡೆಯುತ್ತಿದ್ದ ವಟ್ಟದ ಲೆಕ್ಕ. ಬಹಳ ವರ್ಷಗಳ ಮೇಲೆ ನಾನು ಕಾಗದದ ಮೇಲೆ ಗುಣಿಸಿ ನೋಡಿದೆನು. ಹಾಲಿ ರೂಪಾಯಿಯ ತೂಕ 11.18 ಗ್ರಾಂ, ಸಾವಿರಕ್ಕೆ 818 ಪಾಲು ಬೆಳ್ಳಿ. ಅಂದರೆ ಚೊಕ್ಕ ಬೆಳ್ಳಿ ಸುಮಾರು 9.14 ಗ್ರಾಂ. ಕಲ್ದಾರದಲ್ಲಿ 10.69 ಗ್ರಾಂ. ಆರಕ್ಕೆ ಏಳೆಂಬುದು ಬಹುತೇಕ ಬೆಳ್ಳಿಯ ಲೆಕ್ಕವೇ ಆಗಿತ್ತು. ಎರಡು ರಾಜ್ಯಗಳ ನಡುವಿನ ಭೇದಕ್ಕೆ ಆ ವಟ್ಟದಲ್ಲಿ ಹೆಚ್ಚಿನ ಬೆಲೆಯೇನೂ ಇರಲಿಲ್ಲ.

1980ರ ಜನವರಿಯಲ್ಲಿ ಬೆಳ್ಳಿಯು ಹೊರದೇಶಗಳ ಪೇಟೆಯಲ್ಲಿ ಔನ್ಸಿಗೆ 50 ಡಾಲರುಗಳ ಸಮೀಪಕ್ಕೆ ಏರಿದ ಸಂಗತಿ ಹಿರಿಯ ವ್ಯಾಪಾರಿಗಳಿಗೆ ನೆನಪಿರಬಹುದು. 2025ರ ಅಕ್ಟೋಬರಿನಲ್ಲಿ ಅದು ಆ ಮಟ್ಟವನ್ನೂ ದಾಟಿತು. ಆ ಜ್ವರದ ಕಾಲದಲ್ಲಿ ಹಳ್ಳಿಗಳಿಂದ ಜನರು ಗಂಟು ಕಟ್ಟಿಕೊಂಡು ಹಳೆಯ ರೂಪಾಯಿಗಳನ್ನು ತರುತ್ತಿದ್ದರು. ನಾನು ಬಿ.ಕಾಂ. ಓದುತ್ತಿದ್ದೆ, ಕಾಲೇಜು ಬಿಟ್ಟ ಮೇಲೆ ತಂದೆಯವರ ಅಂಗಡಿಯಲ್ಲಿ ಕುಳಿತುಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಕೊಪ್ಪಳದ ಕಡೆಯ ಹೆಣ್ಣುಮಗಳೊಬ್ಬಳು ಮೂವತ್ತು ನಿಜಾಮಶಾಹಿ ರೂಪಾಯಿಗಳನ್ನು ತಂದಳು. ಎಲ್ಲವೂ ಎರಡನೆಯ ಯುದ್ಧಕ್ಕೆ ಮುಂಚಿನ ಒಳ್ಳೆಯ ಬೆಳ್ಳಿ. ತಂದೆಯವರು ಊಟಕ್ಕೆ ಹೋಗಿದ್ದರು. ನಾನು ನಾಣ್ಯವನ್ನು ತಿರುಗಿಸಿ ನೋಡಿ, ಇದು ನಮ್ಮ ಕಡೆಯದಲ್ಲ, ಇದಕ್ಕೆ ಗಿರಾಕಿಯಿಲ್ಲ, ರಾಣಿ ರೂಪಾಯಿಯ ಅರ್ಧ ಬೆಲೆ ಕೊಡುವೆನೆಂದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟರ ಕೊಡ್ರಿ" ಎಂದಳು. ತಕ್ಕಡಿ ಸರಿಯಾಗಿತ್ತು, ಹಣವನ್ನು ಎರಡು ಸಲ ಎಣಿಸಿ ಕೊಟ್ಟೆನು. ಸಂಜೆ ಆ ಮೂವತ್ತೂ ರಾಣಿ ರೂಪಾಯಿಗಳ ಜೊತೆಗೆ ಒಂದೇ ಮೂಸೆಯಲ್ಲಿ ಕರಗಿದವು. ಗಟ್ಟಿಯನ್ನು ಕೊಂಡವನು ಇದು ಯಾವ ಸೀಮೆಯದೆಂದು ಕೇಳಲಿಲ್ಲ.

ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯ ವ್ರತದ ಅತಿಚಾರಗಳನ್ನು ಹೇಳುವಾಗ ಹೀನಾಧಿಕ ಮಾನೋನ್ಮಾನವೂ ಬರುತ್ತದೆ: ಕೊಡುವುದಕ್ಕೊಂದು, ಕೊಳ್ಳುವುದಕ್ಕೊಂದು ಅಳತೆ ಇಟ್ಟುಕೊಳ್ಳುವುದು. ತೂಕದ ಕಲ್ಲನ್ನು ತಿದ್ದದ ನಾನು ಈ ದೋಷಕ್ಕೆ ಹೊರತೆಂದು ಬಹುಕಾಲ ಸಮಾಧಾನಪಟ್ಟುಕೊಂಡಿದ್ದೆನು. ಆದರೆ ಕೊಳ್ಳುವಾಗ ಪರ್ಯಾಯವನ್ನು ತೂಗಿದೆನು, ಮಾರುವಾಗ ದ್ರವ್ಯವನ್ನು ತೂಗಿದೆನು. ಆಚಾರ್ಯರ ದೃಷ್ಟಾಂತದಲ್ಲಿ ಚಿನ್ನವನ್ನೇ ಬಯಸಿದವನು ಮಧ್ಯಸ್ಥ. ನಾನು ಬಯಸಿದ್ದೂ ಬೆಳ್ಳಿಯನ್ನೇ, ಆದರೂ ಮಧ್ಯಸ್ಥನಾಗಿರಲಿಲ್ಲ. ಕೊಡ ಮುರಿದವಳ ದುಃಖದಲ್ಲಿ ನನಗೆ ಲಾಭವಿತ್ತು. ಸಂಗ್ರಾಹಕನು ತನ್ನ ಹಣದಿಂದ ತನಗೆ ಮೆಚ್ಚಾದ ಮುದ್ರೆಯನ್ನು ಕೊಳ್ಳಲಿ, ಅದರ ಹೆಚ್ಚಳವನ್ನು ತಾನೇ ತೆರುತ್ತಾನೆ. ವ್ಯಾಪಾರಿಯು ಆ ಮೆಚ್ಚುಗೆಯ ಹೆಸರು ಹೇಳಿ, ಮೆಚ್ಚಾಗದ ಮುದ್ರೆಯನ್ನು ತಂದವರಿಂದ ಕಡಿತ ಮಾಡಿಕೊಂಡಾಗ ತೆರುವವರು ಬೇರೆ. ಕರಗಿಸುವ ಕೂಲಿ, ಸವಕಳಿ, ಪರೀಕ್ಷೆಯ ಖರ್ಚು, ಮಾರುವವನ ನ್ಯಾಯವಾದ ಲಾಭ ಇವುಗಳನ್ನು ಹಿಡಿಯಬೇಡವೆಂದು ನಾನು ಹೇಳುತ್ತಿಲ್ಲ, ವ್ಯಾಪಾರ ನಡೆಯಬೇಕಲ್ಲ. ಇಂದು ನನ್ನ ಅಣ್ಣನ ಮಗನು ತನ್ನ ಈಗಲ್ ಅನ್ನು ನಮ್ಮೂರಿನ ಪೇಟೆಗೆ ಒಯ್ದರೆ, "ಇದು ಹೊರಗಿನದು" ಎಂಬ ಅದೇ ಮಾತು ಕೇಳಿಬಂದರೆ ನನಗೆ ಆಶ್ಚರ್ಯವಾಗದು.

ಆ ಹೆಣ್ಣುಮಗಳ ಹೆಸರನ್ನು ನಾನು ಕೇಳಿರಲಿಲ್ಲ. ಅಷ್ಟು ಹಣವನ್ನು ಬಸದಿಗೋ ವಿದ್ಯಾರ್ಥಿ ನಿಲಯಕ್ಕೋ ಕೊಟ್ಟುಬಿಡೆಂದು ಮಿತ್ರರೊಬ್ಬರು ಸೂಚಿಸಿದರು. ಕೊಡಬಹುದು. ಆದರೆ ದಾನವೆಂದು ಬರೆದರೆ ಪುಣ್ಯವು ನನ್ನ ಹೆಸರಿಗೆ ಜಮೆಯಾಗುತ್ತದೆ, ಸಾಲವು ಇದ್ದಲ್ಲಿಯೇ ಇರುತ್ತದೆ. ರೂಪಾಯಿಗೆ 9.14 ಗ್ರಾಂ ಸಲ್ಲಬೇಕಾಗಿದ್ದಲ್ಲಿ ನಾನು ಕೊಟ್ಟದ್ದು 5.34ರ ಬೆಲೆ. ಉಳಿದದ್ದು ರೂಪಾಯಿಗೆ 3.8 ಗ್ರಾಂ. ಅಂದು ಪೂಜೆ ಮುಗಿದು ಎಲ್ಲರೂ ಎದ್ದುಹೋದ ಮೇಲೆ ಹೊಸ ಖಾತೆಯಲ್ಲಿ ಒಂದು ಪುಟವನ್ನು ತೆರೆದು, ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಕೊಡತಕ್ಕ ಬಾಕಿಯ ಕಡೆಗೆ ಬರೆದೆನು: ಚೊಕ್ಕ ಬೆಳ್ಳಿ, 114 ಗ್ರಾಂ.