ಗಾಜಿನ ತಟ್ಟೆಯೂ ಮಾತ್ರೆಯ ಡಬ್ಬಿಯೂ

ಪದವಿಪೂರ್ವ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಒಂದು ಸಂಜೆ ಕೇಳಿದಳು: "ಅಜ್ಜಾ, ನಾಳೆ ಪ್ರಯೋಗಶಾಲೆಯಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಅವುಗಳ ಮೇಲೆ ಆಂಟಿಬಯೋಟಿಕ್ ಔಷಧಿಯ ಪರಿಣಾಮ ನೋಡಬೇಕಂತೆ. ನೀರು ಸೋಸಿ ಕುಡಿಯುವ ನಾವು ಅದನ್ನು ಮಾಡಬಹುದೇ?"

ಕಣ್ಣಿಗೆ ಕಾಣದ ಕ್ರಿಮಿ ತಾನೇ ಎಂದು ನಕ್ಕುಬಿಡುವುದು ಶ್ರಾವಕರಿಗೆ ಶೋಭಿಸದು. ಪಾಪ, ಮಾಡಬೇಡ ಎಂದು ಬಾಯಿ ಮುಚ್ಚಿಸುವುದೂ ವಿವೇಕವಲ್ಲ. ಪ್ರಯೋಗವೇನೆಂಬುದನ್ನು ಮೊದಲು ಅರಿತು ಆಮೇಲೆ ತೂಗಬೇಕು.

ಕಡಲಪಾಚಿಯಿಂದ ತೆಗೆದ ಅಗರ್ ಎಂಬ ವಸ್ತುವನ್ನು ಪೋಷಕಾಂಶಗಳೊಡನೆ ಕಾಯಿಸಿ ತಟ್ಟೆಯಲ್ಲಿ ಹೊಯ್ದರೆ ಅದು ತಣಿದು ಗಟ್ಟಿಯಾಗುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾಗಳನ್ನು ತೆಳುವಾಗಿ ಹರಡಿ, ಔಷಧಿಯಲ್ಲಿ ಅದ್ದಿದ ಕಾಗದದ ಪುಟ್ಟ ಬಿಲ್ಲೆಗಳನ್ನಿಟ್ಟು ಮುಚ್ಚುತ್ತಾರೆ. ಒಂದೆರಡು ದಿನಗಳಲ್ಲಿ ತಟ್ಟೆಯ ತುಂಬ ಮಬ್ಬಾದ ಪದರವೊಂದು ಹಬ್ಬುತ್ತದೆ. ಔಷಧಿ ಫಲಿಸಿದ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ವರ್ತುಲ ಉಳಿಯುತ್ತದೆ.

ಆ ವರ್ತುಲವೆಲ್ಲ ಸಾವಿನ ಗುರುತಲ್ಲ. ಪೆನಿಸಿಲಿನ್ ಕೋಶಭಿತ್ತಿಯ ರಚನೆಯನ್ನು ಕೆಡಿಸಿ ಬ್ಯಾಕ್ಟೀರಿಯಾವನ್ನು ಒಡೆಯುತ್ತದೆ. ಟೆಟ್ರಾಸೈಕ್ಲಿನ್ ಸಾಮಾನ್ಯವಾಗಿ ಬೆಳವಣಿಗೆಯನ್ನಷ್ಟೇ ತಡೆಯುತ್ತದೆ. ಆದರೆ ಇಷ್ಟಕ್ಕೆ ಸಮಾಧಾನಪಡುವಂತಿಲ್ಲ. ಪ್ರಯೋಗ ಮುಗಿದ ಮೇಲೆ ಯಾರಿಗೂ ಅಪಾಯವಾಗದಿರಲೆಂದು ತಟ್ಟೆಯನ್ನು ಒತ್ತಡದ ಹಬೆಯಲ್ಲಿ, 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, 15 ನಿಮಿಷವಾದರೂ ಇಡಬೇಕು. ಔಷಧಿಯಿಂದ ಉಳಿದವೂ ಅಲ್ಲಿ ಅಳಿಯುತ್ತವೆ. ಅವನ್ನು ಬೆಳೆಸಿದವರೂ ನಾವೇ. ಇದರಲ್ಲಿ ಹಿಂಸೆಯೇ ಇಲ್ಲವೆನ್ನುವುದು ಆತ್ಮವಂಚನೆಯಾದೀತು.

ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಡನೆ ಪ್ರಮಾದವನ್ನೂ ಸೇರಿಸುತ್ತದೆ. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುವುದುಂಟು. ತಿಳಿದೂ ತಿಳಿದೂ ಮಾಡುವ ಈ ಪ್ರಯೋಗ ಸಂಕಲ್ಪಿಯ ಅಂಚಿಗೆ ಬರುತ್ತದೆ. ರೋಗನಿವಾರಣೆಯ ವಿದ್ಯಾಭ್ಯಾಸವಾದುದರಿಂದ ಉದ್ಯೋಗಿಯ ಕಡೆಗೂ ವಾಲುತ್ತದೆ. ಯಾವ ಕಡೆಗೆ ಎಂಬುದನ್ನು ಮಾಡುವವರ ಎಚ್ಚರವೇ ನಿರ್ಣಯಿಸುತ್ತದೆಂದು ನನ್ನ ನಂಬಿಕೆ. ಮೂವತ್ತು ತಟ್ಟೆಗಳ ಬದಲು ಇಡೀ ತರಗತಿಗೆ ಒಂದೆರಡು ಸಾಲವೇ? ಇನ್ನೊಂದನ್ನೂ ಕೇಳಬೇಕು. ಪ್ರಯೋಗಶಾಲೆಗಳು ಬಳಸುವ ಸಾಮಾನ್ಯ ಪೋಷಕ ಮಾಧ್ಯಮದಲ್ಲಿ ಮಾಂಸದ ಸಾರವಿರುತ್ತದೆ. ಸೋಯಾದಿಂದ ತಯಾರಾದ ಸಸ್ಯಮೂಲದ ಮಾಧ್ಯಮಗಳೂ ದೊರೆಯುತ್ತವೆ.

ಇಷ್ಟನ್ನು ಹೇಳುತ್ತಿರುವಾಗ ನನಗೆ ನನ್ನ ಮಾತ್ರೆಯ ಡಬ್ಬಿ ನೆನಪಾಯಿತು. ಹಿಂದಿನ ತಿಂಗಳು ನೆಗಡಿಯಾದಾಗ, ಯಾವಾಗಲೋ ಉಳಿದಿದ್ದ ಆಂಟಿಬಯೋಟಿಕ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಿದ್ದೆ. ನೆಗಡಿ ವೈರಸ್‌ನಿಂದ ಬರುವುದು. ಆ ಔಷಧಿಗೂ ವೈರಸ್‌ಗೂ ಸಂಬಂಧವಿಲ್ಲ. ಅದು ತಾಗಿದ್ದು ನನ್ನ ಕರುಳಿನಲ್ಲಿ ನೆಲೆಸಿ ಉಪಕರಿಸುವ ಕೋಟ್ಯಂತರ ಬ್ಯಾಕ್ಟೀರಿಯಾಗಳಿಗೆ. ಪ್ರಯೋಜನವಿಲ್ಲದೆ, ಯೋಚನೆಯಿಲ್ಲದೆ ನಾನು ಮಾಡಿದ ಹಾನಿಯ ಮುಂದೆ ಆ ಹುಡುಗಿಯ ತಟ್ಟೆ ಎಷ್ಟರದು?

ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಔಷಧಿಯನ್ನು ತಾಳಿಕೊಳ್ಳಬಲ್ಲ ಬ್ಯಾಕ್ಟೀರಿಯಾಗಳು ಉಳಿದು ವೃದ್ಧಿಯಾಗುತ್ತವೆ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ, ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ, ಈ ಎಚ್ಚರಿಕೆ ನೀಡಿದ್ದರು. ಔಷಧಿಗೆ ಮಣಿಯದ ಇಂಥ ಬ್ಯಾಕ್ಟೀರಿಯಾಗಳ ಸೋಂಕೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ತಟ್ಟೆಯ ವರ್ತುಲ ಕಿರಿದಾಗುತ್ತಿದೆ ಎಂಬುದರ ಅರ್ಥ ಇದು.

ಔಷಧದಾನವು ನಮ್ಮ ಚತುರ್ವಿಧ ದಾನಗಳಲ್ಲೊಂದು. ಆರೋಗ್ಯ ಶಿಬಿರಗಳನ್ನು ನಡೆಸುವ ಬಸದಿಗಳ ಆಡಳಿತ ಮಂಡಳಿಗಳು, ವೈದ್ಯರು ಪರೀಕ್ಷಿಸಿ ಬರೆದುಕೊಡದೆ ಈ ಔಷಧಿಗಳನ್ನು ಹಂಚದಿರುವುದೂ ಆ ದಾನದ ಭಾಗವೇ ಆಗಬೇಕು.

ಮೊಮ್ಮಗಳಿಗೆ ಹೇಳಿದೆ: "ಹೋಗು ಮಗಳೇ, ನೋಡಿ ಬಾ. ಒಂದೇ ತಟ್ಟೆ ಸಾಕೆಂದು ಗುರುಗಳನ್ನು ಕೇಳಿಕೋ. ಕಲಿತದ್ದನ್ನು ಮನೆಗೆ ತಂದು ನನಗೂ ಹೇಳು." ಅವಳು ಪ್ರಶ್ನೆ ಕೇಳಿದ್ದಳು, ನಾನು ಕೇಳದೆ ನುಂಗಿದ್ದೆ. ಅಪ್ರಮಾದ ಯಾರಲ್ಲಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.