ಹಾಡನ್ನು ಹಿಗ್ಗಿಸುವ ಕೈ

ಕೋಲ್ಕತ್ತದ ಬಾಲಿಗಂಜ್‌ನ ಸೌತ್ ಎಂಡ್ ಪಾರ್ಕ್ ರಸ್ತೆಯಲ್ಲಿ ಸಚಿನ್ ದೇವ್ ಬರ್ಮನ್ ಅವರ ಮನೆಯಿತ್ತು. ಮಗ ರಾಹುಲ್, ಅಂದರೆ ನಾವೆಲ್ಲ ಬಲ್ಲ ಆರ್.ಡಿ. ಬರ್ಮನ್, ಬಾಲ್ಯ ಕಳೆದದ್ದು ಅಲ್ಲಿ. ದುರ್ಗಾಪೂಜೆ ಬಂತೆಂದರೆ ಈಗಲೂ ಗರಿಯಾಹಾಟ್‌ನಿಂದ ಏಕ್‌ಡಾಲಿಯಾದವರೆಗೆ ಪೆಂಡಾಲು ಪೆಂಡಾಲಿನಲ್ಲೂ ಅವರ ಹಾಡು ಕೇಳುತ್ತದೆ. ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಕೇಳುವುದು ಅವರು ಮಾಡಿಟ್ಟ ಹಾಡಲ್ಲ, ಅದರ ರೀಮಿಕ್ಸ್. ಹಾಡು ಕೆಡಿಸಿದರು ಎಂದು ಬೈದು ಮನೆಯ ಕಿಟಕಿ ಮುಚ್ಚಿಕೊಳ್ಳಬಹುದು. ಆದರೆ ರೀಮಿಕ್ಸ್ ಎಂಬುದು ಯಾರಿಗಾಗಿ, ಯಾವ ಅಗತ್ಯಕ್ಕಾಗಿ ಹುಟ್ಟಿತು ಎಂದು ತಿಳಿದವರಿಗೆ ಹಾಗೆ ಬೈಯುವುದು ಸುಲಭವಲ್ಲ.

ಎಪ್ಪತ್ತರ ದಶಕದ ನ್ಯೂಯಾರ್ಕಿನಲ್ಲಿ ಡಿಸ್ಕೋ ಕ್ಲಬ್ಬಿನ ಡಿಜೆಗಳಿಗೆ ಒಂದೇ ತಲೆನೋವು. ಹಾಡುಗಳು ರೇಡಿಯೋಗೆಂದು ಮಾಡಿದವು, ಮೂರು ನಿಮಿಷಕ್ಕೆ ಮುಗಿದುಹೋಗುತ್ತಿದ್ದವು. ಕುಣಿಯುವವರ ಮೈ ಬಿಸಿಯೇರುವಷ್ಟರಲ್ಲಿ ಹಾಡೇ ಇಲ್ಲ. ಟಾಮ್ ಮೌಲ್ಟನ್ ಎಂಬಾತ ಹಾಡಿನ ತಾಳದ ಭಾಗವನ್ನು ಎಳೆದು, ಒಂದಕ್ಕೊಂದು ಹೊಂದಿಸಿ ಉದ್ದ ಮಾಡತೊಡಗಿದ. ಏಳು ಇಂಚಿನ ಖಾಲಿ ರೆಕಾರ್ಡ್ ತಟ್ಟೆ ಮುಗಿದುಹೋಗಿದ್ದಾಗ ಒಮ್ಮೆ ದೊಡ್ಡ ತಟ್ಟೆಯ ಮೇಲೆ ಹಾಡು ಕೆತ್ತಿಸಬೇಕಾಯಿತು. ಗೆರೆಗಳ ನಡುವೆ ಜಾಗ ಸಿಕ್ಕಿ ದನಿ ಗಟ್ಟಿಯಾಗಿ, ಆಳವಾಗಿ ಕೇಳಿತು. ಹನ್ನೆರಡು ಇಂಚಿನ ಸಿಂಗಲ್ಲಿನ ಹುಟ್ಟು ಹೀಗೆ. 1976ರಲ್ಲಿ ವಾಲ್ಟರ್ ಗಿಬನ್ಸ್ 'ಟೆನ್ ಪರ್ಸೆಂಟ್' ಹಾಡನ್ನು ಒಂಬತ್ತು ನಿಮಿಷ ದಾಟಿಸಿದ ಮೇಲೆ ಆ ತಟ್ಟೆ ಅಂಗಡಿಗೂ ಬಂತು.

ಎಲ್ಲ ಡಿಜೆಗಳ ಕೈಯಲ್ಲೂ ಸ್ಟುಡಿಯೋ ಇರಲಿಲ್ಲ. ಅವರು ಒಟ್ಟುಗೂಡಿದರು. 1975ರಲ್ಲಿ ಡೇವಿಡ್ ಮಾಂಕುಸೊ ಮತ್ತು ಗೆಳೆಯರು ಕಟ್ಟಿದ ರೆಕಾರ್ಡ್ ಪೂಲ್‌ನಲ್ಲಿ ಕಂಪನಿಗಳಿಂದ ಬಂದ ತಟ್ಟೆಗಳನ್ನು ಸದಸ್ಯರು ಹಂಚಿಕೊಂಡರು. 1977ರಲ್ಲಿ ಡಿಸ್ಕೋನೆಟ್ ಶುರುವಾಯಿತು. ಚಂದಾ ಕಟ್ಟಿದ ವೃತ್ತಿಪರ ಡಿಜೆಗಳಿಗೆ ಅಲ್ಲಿಂದ ವಿಶೇಷ ರೀಮಿಕ್ಸ್ ತಟ್ಟೆಗಳು ಬರುತ್ತಿದ್ದವು, ಅಂಗಡಿಯಲ್ಲಿ ಅವು ಮಾರಾಟಕ್ಕಿರಲಿಲ್ಲ. ಬ್ರಿಟನ್ನಿನಲ್ಲಿ 1983ರಲ್ಲಿ ಟೋನಿ ಪ್ರಿನ್ಸ್ ಡಿಎಂಸಿ ಎಂಬ ಇಂಥದ್ದೇ ಸೇವೆ ಕಟ್ಟಿದರು. ಈ ಡಿಸ್ಕೋ ಬರೀ ಪರದೇಶದ್ದು ಎಂದುಕೊಳ್ಳಬೇಕಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಕೊಡವರಾದ ಬಿದ್ದು ಅಪ್ಪಯ್ಯ 1974ರಲ್ಲಿ ಲಂಡನ್ನಿನಲ್ಲಿ 'ಕುಂಗ್ ಫು ಫೈಟಿಂಗ್' ಮಾಡಿ ಜಗತ್ತನ್ನೇ ಕುಣಿಸಿದರು. 1980ರಲ್ಲಿ 'ಕುರ್ಬಾನಿ'ಯ 'ಆಪ್ ಜೈಸಾ ಕೋಯಿ' ಮೂಲಕ ನಮ್ಮೂರುಗಳನ್ನೂ ಕುಣಿಸಿದರು.

ಹಾಡನ್ನು ಹಿಗ್ಗಿಸುವುದು ನಮಗೆ ಹೊಸದಲ್ಲ. ಯಕ್ಷಗಾನದ ಭಾಗವತರು ವೇಷಧಾರಿಯ ಕಾಲು ನೋಡುತ್ತಾ ಪದ್ಯದ ಸಾಲನ್ನು ಮತ್ತೆ ಮತ್ತೆ ಎತ್ತಿಕೊಡುತ್ತಾರೆ. ಚೆಂಡೆ ಮದ್ದಳೆಗಳಿಗೆ ಜಾಗ ಬಿಟ್ಟು, ಕುಣಿತ ತುಂಬಿದ ಮೇಲೆ ಮುಂದಿನ ಪದ್ಯಕ್ಕೆ ಹೋಗುತ್ತಾರೆ. ಪದ್ಯ ಕೆಟ್ಟಿತು ಎಂದು ಯಾರೂ ಹೇಳುವುದಿಲ್ಲ. ಒಳ್ಳೆಯ ಡಿಜೆಯ ಕೆಲಸವೂ ಇದೇ ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ಕೆಡುವುದು ಎಲ್ಲಿ? ಅಪ್ಪಣೆ ಇಲ್ಲದೆ ಮಾಡಿದರೆ ಕೆಡುತ್ತದೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ಎರಡು ಹಾಡುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಆ ನಂಬಿಕೆ ಸಡಿಲಾಯಿತು. ಡೋನಾ ಸಮ್ಮರ್ ಅವರ 'ಐ ಫೀಲ್ ಲವ್' ಹಾಡನ್ನು ಸ್ಯಾನ್ ಫ್ರಾನ್ಸಿಸ್ಕೋದ ಪ್ಯಾಟ್ರಿಕ್ ಕೌಲಿ 1978ರಲ್ಲಿ ಯಾರನ್ನೂ ಕೇಳದೆ ಹದಿನೈದು ನಿಮಿಷಕ್ಕೆ ಹಿಗ್ಗಿಸಿದ. ಅದು ಡಿಜೆಗಳ ಕೈಯಿಂದ ಕೈಗೆ ಹೋಯಿತು, ಆಮೇಲೆ ಡಿಸ್ಕೋನೆಟ್ ಹಂಚಿತು, 1982ರಲ್ಲಿ ಅಧಿಕೃತವಾಗಿಯೇ ಹೊರಬಂತು. ಅದರಲ್ಲಿ ಕೌಲಿಯ ಸಿಂಥಸೈಜರ್ ಉದ್ದಕ್ಕೂ ಇದೆ, ಆದರೆ ಡೋನಾ ಅವರ ದನಿಗೆ ಎಲ್ಲೂ ಅಡ್ಡ ಬರುವುದಿಲ್ಲ. ಅದೇ ವರ್ಷ, ಮೂವತ್ತೆರಡರ ವಯಸ್ಸಿಗೆ, ಏಡ್ಸ್ ಕಾಯಿಲೆಯಿಂದ ಆತ ತೀರಿಕೊಂಡ.

ಇನ್ನೊಂದು, ಆರ್.ಡಿ. ಅವರ 'ಕಾಂಟಾ ಲಗಾ'. 1972ರ 'ಸಮಾಧಿ' ಚಿತ್ರಕ್ಕೆ ಲತಾ ಹಾಡಿದ್ದು. 2002ರಲ್ಲಿ ಬಂದ ಅದರ ರೀಮಿಕ್ಸ್ ದೇಶವೆಲ್ಲ ಮೊಳಗಿತು. ಅದರಲ್ಲಿ ಲತಾ ಇರಲಿಲ್ಲ, ಬೇರೆ ದನಿಯಲ್ಲಿ ಹಾಡಿಸಿದ್ದರು. ಮೊದಲೇ ತಿಳಿಸಿ, ರಾಯಧನ ಕಟ್ಟಿದರೆ ಹಾಡನ್ನು ಹೊಸದಾಗಿ ಧ್ವನಿಮುದ್ರಿಸಿಕೊಳ್ಳಲು ನಮ್ಮ ಕೃತಿಸ್ವಾಮ್ಯ ಕಾಯಿದೆ ಆಗ ಬಾಗಿಲು ತೆರೆದಿತ್ತು. ಈ ದಾರಿ ಹಿಡಿದವರಿಗೆ ಮೂಲ ಟೇಪು ಬೇಕಿಲ್ಲ, ಮೂಲ ವಾದ್ಯಗಾರರೂ ಬೇಕಿಲ್ಲ. ಅಪ್ಪಣೆ ಕೇಳದ ಕೌಲಿಗೆ ಹಾಡಿನ ಮೇಲೆ ಎಷ್ಟು ಗೌರವ ಇತ್ತೋ, ಕಾಯಿದೆಯ ಆಸರೆಯಲ್ಲಿ ಬಂದ ಎಷ್ಟೋ ರೀಮಿಕ್ಸುಗಳಲ್ಲಿ ಅದು ಇಲ್ಲ. 2012ರ ತಿದ್ದುಪಡಿ ಈ ಬಾಗಿಲನ್ನು ಕಿರಿದು ಮಾಡಿತು. ಐದು ವರ್ಷ ಕಾಯಬೇಕು, ಕೃತಿಯನ್ನು ಬದಲಿಸಕೂಡದು ಎಂದಿತು. ಒಳ್ಳೆಯದೇ ಆಯಿತು. ಆದರೆ ಕಿವಿಗೊಟ್ಟು ಕೇಳು ಎಂದು ಯಾವ ಕಾಯಿದೆಯೂ ಹೇಳಲಾರದು. ಆರ್.ಡಿ. ಇದನ್ನೆಲ್ಲ ನೋಡಲಿಲ್ಲ. ಕೈಯಲ್ಲಿ ಹೆಚ್ಚು ಕೆಲಸವಿಲ್ಲದ ಕೆಲವು ವರ್ಷಗಳನ್ನು ಕಳೆದು 1994ರ ಜನವರಿಯಲ್ಲಿ ತೀರಿಕೊಂಡಿದ್ದರು.

ಕಳೆದ ಪೂಜೆಯಲ್ಲಿ ನಮ್ಮ ಬೀದಿಯ ಪೆಂಡಾಲಿಗೆ ಕಸ್ಬಾ ಕಡೆಯ ಹುಡುಗನೊಬ್ಬ ಡಿಜೆಯಾಗಿ ಬಂದಿದ್ದ. ತಿಂಗಳಿಗಿಷ್ಟು ಎಂದು ಹಣ ಕಟ್ಟಿ, ಡಿಜೆ ಪೂಲ್ ಒಂದರಿಂದ ಹಾಡು ಇಳಿಸಿಕೊಳ್ಳುತ್ತಾನಂತೆ. "ನೋಡಿ ಕಾಕು (ಚಿಕ್ಕಪ್ಪ)" ಎಂದು ಲ್ಯಾಪ್‌ಟಾಪ್ ನನ್ನತ್ತ ತಿರುಗಿಸಿದ. 'ಚುರಾ ಲಿಯಾ'ದ ಮುಂದೆ ರೀಮಿಕ್ಸ್ ಮಾಡಿದವನ ಹೆಸರಿತ್ತು, ನಿಮಿಷಕ್ಕೆ ಎಷ್ಟು ಬೀಟ್ ಎಂಬ ಅಂಕಿಯಿತ್ತು, ಶ್ರುತಿ ಇತ್ತು. ಆಶಾ ಹೆಸರಿಲ್ಲ, ಸಾಹಿತ್ಯ ಬರೆದ ಮಜ್ರೂಹ್ ಇಲ್ಲ, ಕೂಗಳತೆಯಲ್ಲಿ ಬೆಳೆದ ಆರ್.ಡಿ. ಕೂಡ ಇಲ್ಲ. ಹಿಂದಿನ ಹಾಡಿಗೆ ಸೇರಿಸಲು ಅನುಕೂಲವಾಗಲಿ ಎಂದು ಮೊದಲಿಗೆ ಬರೀ ಡ್ರಮ್ ಹಾಕಿದ್ದರು. ಆ ಡ್ರಮ್ಮಿನಡಿ ಹಾಡಿನ ಮೊದಲಲ್ಲಿ ಬರುವ ಗಾಜಿನ ಲೋಟದ ಕಿಣಿಕಿಣಿ ಮುಚ್ಚಿಹೋಗಿತ್ತು. ಮೂಲ ಹಾಡು ಇದೆಯೇ ಎಂದು ಕೇಳಿದೆ. ಹುಡುಕಿ, ಹೆಡ್‌ಫೋನಿನ ಒಂದು ಕಿವಿ ನನಗೆ ಕೊಟ್ಟು ಇನ್ನೊಂದನ್ನು ತಾನು ಹಿಡಿದುಕೊಂಡ. "ಇದ್ಯಾವ ವಾದ್ಯ?" ಅಂದ. ಲೋಟ, ಚಮಚ ಎಂದೆ. ಹಿಂದಕ್ಕೆ ಸರಿಸಿ ಮತ್ತೊಮ್ಮೆ ಕೇಳಿದ. ಅಷ್ಟರಲ್ಲಿ ಹಾಡು ಹಾಕು ಎಂದು ಜನ ಕೂಗತೊಡಗಿದರು.

ಅವನಿಗೆ ಕಿವಿ ಇದೆ, ಕೈಚಳಕವೂ ಇದೆ. ಹೆಸರುಗಳನ್ನು ಮಾತ್ರ ಯಾರೂ ಅವನಿಗೆ ತಲುಪಿಸಿಲ್ಲ. ಹಾಡಿನ ಫೈಲು ಹಂಚಿ ಚಂದಾ ಪಡೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ಬೀಟಿನ ಅಂಕಿ ಬರೆಯುವ ಸಾಲಿನಲ್ಲಿ ಸಂಗೀತ ಕೊಟ್ಟವರ, ಹಾಡಿದವರ, ಬರೆದವರ ಹೆಸರನ್ನೂ ಬರೆಯಿರಿ. ಮೂಲ ಹಾಡನ್ನೂ ಜೊತೆಗೇ ಕಳಿಸಿ.